ಅರಮನೆ ಅಳಿಯಿತು, ಕಾಲುವೆ ಉಳಿಯಿತು: ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಳೆಗಳು

ಭಾಷೆಯ ಹೆಸರಿನಲ್ಲಿ ಒಂದು ವಿಶ್ವವಿದ್ಯಾಲಯ ಸ್ಥಾಪಿಸುವುದು ಸರಕಾರಕ್ಕೆ ಕಷ್ಟದ ಕೆಲಸವಲ್ಲ. ಒಂದು ಕಾಯ್ದೆ, ಒಂದಿಷ್ಟು ಜಮೀನು, ಒಂದು ಉದ್ಘಾಟನಾ ಸಮಾರಂಭ ಸಾಕು. ಆದರೆ ಆ ಸಂಸ್ಥೆಗೆ ಮೂವತ್ತು ನಲವತ್ತು ವರ್ಷಗಳ ಕಾಲ ತಪ್ಪದೆ ಅನ್ನ ಹಾಕುವುದಿದೆಯಲ್ಲ, ನಿಜವಾದ ಕಷ್ಟವಿರುವುದು ಅಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕತೆ ಇದನ್ನೇ ಹೇಳುತ್ತದೆ.

1991ರಲ್ಲಿ, ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಈ ವಿಶ್ವವಿದ್ಯಾಲಯ ಹುಟ್ಟಿತು. ಚಂದ್ರಶೇಖರ ಕಂಬಾರರು ಮೊದಲ ಕುಲಪತಿಗಳಾದರು. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಮಲಾಪುರದ ಬಳಿ, ಬಂಡೆಗಲ್ಲುಗಳ ನಡುವಿನ ವಿಶಾಲವಾದ ಬಯಲಿನಲ್ಲಿ 'ವಿದ್ಯಾರಣ್ಯ' ಎಂಬ ಆವರಣ ಎದ್ದಿತು. ಆಡಳಿತ ಕಚೇರಿಗೆ 'ಕ್ರಿಯಾಶಕ್ತಿ' ಎಂದೂ ಗ್ರಂಥಾಲಯಕ್ಕೆ 'ಅಕ್ಷರ' ಎಂದೂ ಹೆಸರಾಯಿತು. ಕನ್ನಡವನ್ನು ಕೇವಲ ಕಾವ್ಯದ ಭಾಷೆಯಾಗಿ ಉಳಿಸದೆ ಜ್ಞಾನದ ಭಾಷೆಯಾಗಿ ಬೆಳೆಸಬೇಕು ಎಂಬುದು ಅದರ ಹಿಂದಿದ್ದ ಕನಸು.

ಮೂರು ದಶಕಗಳ ಬಳಿಕ ಅದೇ ಸಂಸ್ಥೆಯ ಹೆಸರು ಪತ್ರಿಕೆಗಳಲ್ಲಿ ಬೇರೆಯೇ ಕಾರಣಕ್ಕೆ ಕಾಣಿಸಿಕೊಳ್ಳತೊಡಗಿತು. 2020-21ರ ಹೊತ್ತಿಗೆ ಅಭಿವೃದ್ಧಿ ಅನುದಾನ ತೀವ್ರವಾಗಿ ಕುಸಿಯಿತು. 2021ರ ಆರಂಭದಲ್ಲಿ ಸಾಹಿತಿಗಳು, ವಿದ್ಯಾರ್ಥಿಗಳು, ಕನ್ನಡಪರ ಸಂಘಟನೆಗಳು ಕನ್ನಡ ವಿವಿಯನ್ನು ಉಳಿಸಿ ಎಂದು ದನಿ ಎತ್ತಬೇಕಾಯಿತು. ಸಂಶೋಧನ ವಿದ್ಯಾರ್ಥಿಗಳು ತಮಗೆ ಬರಬೇಕಾದ ಫೆಲೋಶಿಪ್‌ಗಾಗಿ ಪ್ರತಿಭಟಿಸಿದರು. ತಾತ್ಕಾಲಿಕ ನೌಕರರ ಸಂಬಳ, ವಿದ್ಯುತ್ ಬಿಲ್ಲಿನ ಬಾಕಿ ಮುಂತಾದ ಸಂಗತಿಗಳೆಲ್ಲ ಸುದ್ದಿಯಾದವು. ಕನ್ನಡದ ಹೆಸರಿನಲ್ಲಿ ಓಟು ಕೇಳದ ಪಕ್ಷ ನಮ್ಮಲ್ಲಿಲ್ಲ. ಆದರೆ ಕನ್ನಡದ್ದೇ ಆದ ಒಂದು ವಿಶ್ವವಿದ್ಯಾಲಯ ದೀಪದ ಖರ್ಚಿಗೆ ಕೈಯೊಡ್ಡಿ ನಿಲ್ಲಬೇಕಾಗಿ ಬಂದಾಗ ಯಾವ ಪಕ್ಷಕ್ಕೂ ಅದು ದೊಡ್ಡ ವಿಷಯವಾಗಲಿಲ್ಲ.

ಇದನ್ನು ಒಂದು ಸರಕಾರದ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಪ್ರಶ್ನೆ ಅದಕ್ಕಿಂತ ಹಳೆಯದು. ಈ ನೆಲದಲ್ಲಿ ವಿದ್ಯೆಗೆ ಅನ್ನ ಹಾಕಿದವರು ಯಾರು? ಹಾಗೆ ಅನ್ನ ಉಂಡ ಸಂಸ್ಥೆಗಳ ಪೈಕಿ ಯಾವುದು ಉಳಿಯಿತು, ಯಾವುದು ಅಳಿಯಿತು? ನಾಳೆಯ ಯೋಜನೆ ಹಾಕುವವರು ಮೊದಲು ಈ ಲೆಕ್ಕವನ್ನು ನೋಡಬೇಕು.

ಒಬ್ಬನ ಆಶ್ರಯದಲ್ಲಿ ಬೆಳೆದ ಜ್ಞಾನ

ಹಿಂದಿನ ಕಾಲದಲ್ಲಿ ವಿದ್ಯೆಗೆ ಬಜೆಟ್ ಎಂಬುದಿರಲಿಲ್ಲ. ಅಗ್ರಹಾರಗಳಿಗೆ, ಮಠಗಳಿಗೆ ಭೂಮಿಯ ದತ್ತಿ ಇತ್ತು. ಮಸೀದಿ, ಮದ್ರಸ, ಖಾನಖಾಹ್‌ಗಳಿಗೆ ವಕ್ಫ್ ಇತ್ತು. ಎರಡರ ತಿರುಳೂ ಒಂದೇ. ಮೂಲ ಆಸ್ತಿಯನ್ನು ಯಾರೂ ಮುಟ್ಟಬಾರದು, ಅದರ ಫಲದಿಂದ ಗುರುವಿನ ಜೀವನವೂ ಶಿಷ್ಯನ ಊಟವೂ ನಡೆಯಬೇಕು.

ನಮ್ಮ ನಾಡಿನಲ್ಲೇ ಇದಕ್ಕೆ ಭವ್ಯವಾದ ಉದಾಹರಣೆ ಬೀದರಿನ ಮದ್ರಸ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ ಅದನ್ನು 1472ರಲ್ಲಿ ಕಟ್ಟಿ ಮುಗಿಸಿದ. ಅಲ್ಲಿನ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಪ್ರತೀತಿ. ದೂರದ ನಾಡುಗಳಿಂದ ವಿದ್ವಾಂಸರು ಬಂದು ಅಲ್ಲಿ ನೆಲೆಸಿದರು. ಆದರೆ ಕಟ್ಟಿದ ಒಂಬತ್ತೇ ವರ್ಷಕ್ಕೆ, 1481ರಲ್ಲಿ, ಆಸ್ಥಾನದ ಪಿತೂರಿಗೆ ಸಿಕ್ಕಿ ಗವಾನ್ ಸುಲ್ತಾನನ ಆಜ್ಞೆಯಿಂದಲೇ ಕೊಲ್ಲಲ್ಪಟ್ಟ. ಬಹಮನಿ ರಾಜ್ಯ ಒಡೆದು ಹೋಯಿತು. ಕಟ್ಟಡ ಮಾತ್ರ ಇನ್ನೂ ಎರಡು ಶತಮಾನ ನಿಂತಿತ್ತು, ಮೊಗಲರ ಕಾಲದಲ್ಲಿ 1696ರ ಸ್ಫೋಟದಲ್ಲಿ ಅದರ ಒಂದು ಭಾಗ ಕುಸಿಯಿತು. ಇಂದು ಅಲ್ಲಿ ನೀಲಿ ಹೆಂಚಿನ ಚೂರುಗಳಿವೆ, ಪ್ರವಾಸಿಗರಿದ್ದಾರೆ. ಪಾಠವಿಲ್ಲ.

ಎರಡನೆಯ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದರಲ್ಲಿ, ಅಂದರೆ ಉರ್ದುವಿನಲ್ಲಿ, ಉನ್ನತ ಶಿಕ್ಷಣ ಕೊಡಲು ಹೊರಟ ಆಧುನಿಕ ವಿಶ್ವವಿದ್ಯಾಲಯ ಅದು. ಅದಕ್ಕಾಗಿ ಒಂದು ವರ್ಷ ಮೊದಲೇ ಭಾಷಾಂತರ ಇಲಾಖೆ ಸ್ಥಾಪನೆಯಾಗಿತ್ತು. ವಿಜ್ಞಾನ, ವೈದ್ಯಕೀಯ, ಕಾನೂನು, ಇತಿಹಾಸದ ನೂರಾರು ಗ್ರಂಥಗಳು ಉರ್ದುವಿಗೆ ಬಂದವು, ಪಾರಿಭಾಷಿಕ ಪದಗಳ ಸಂಪತ್ತೇ ಸೃಷ್ಟಿಯಾಯಿತು. ಇಂಗ್ಲಿಷಿಲ್ಲದೆ ವಿಜ್ಞಾನ ಕಲಿಸಲು ಬರುವುದಿಲ್ಲ ಎಂಬ ಮಾತಿಗೆ ಅದು ಉತ್ತರವಾಗಿತ್ತು. ಆದರೆ ನಿಜಾಮರ ರಾಜ್ಯದಲ್ಲಿದ್ದ ಬೀದರ, ಕಲಬುರಗಿ, ರಾಯಚೂರುಗಳ ಕನ್ನಡಿಗರ ಮನೆಮಾತು ಉರ್ದುವಾಗಿರಲಿಲ್ಲ ಎಂಬುದನ್ನೂ ನಾವು ಪ್ರಾಮಾಣಿಕವಾಗಿ ಹೇಳಬೇಕು. ತೆಲುಗರಿಗೂ ಮರಾಠಿಗರಿಗೂ ಇದೇ ಕೊರಗು ಇತ್ತು. ಜನರೆಲ್ಲರೂ ತಮ್ಮದೆಂದುಕೊಳ್ಳದ ಆ ವ್ಯವಸ್ಥೆ ನಿಂತಿದ್ದುದು ನಿಜಾಮರ ಖಜಾನೆಯ ಮೇಲೆ. 1948ರಲ್ಲಿ ನಿಜಾಮರ ಆಡಳಿತ ಕೊನೆಗೊಂಡದ್ದೇ ತಡ, ಬೋಧನಾ ಮಾಧ್ಯಮ ಇಂಗ್ಲಿಷ್ ಆಯಿತು. ಮೂವತ್ತು ವರ್ಷಗಳ ಶ್ರಮ ಕಪಾಟು ಸೇರಿತು.

ಗವಾನನ ಮದ್ರಸಕ್ಕೂ ಉಸ್ಮಾನಿಯಾದ ಉರ್ದು ಪ್ರಯೋಗಕ್ಕೂ ವಿದ್ವತ್ತಿನ ಕೊರತೆ ಇರಲಿಲ್ಲ, ಹಣದ ಕೊರತೆಯೂ ಇರಲಿಲ್ಲ. ಇದ್ದ ದೋಷ ಒಂದೇ. ಪೋಷಕ ಒಬ್ಬನೇ ಇದ್ದ. ಅವನು ಹೋದಾಗ 'ಇದು ನಮ್ಮದು' ಎಂದು ಅಡ್ಡ ನಿಲ್ಲುವವರು ಯಾರೂ ಉಳಿದಿರಲಿಲ್ಲ.

ಹಲವರ ಪಾಲಿದ್ದ ನೀರು

ಇನ್ನು ಹೊಸಪೇಟೆ, ಕಂಪ್ಲಿಗಳ ಕಡೆಗೆ ಬರೋಣ. ವಿಜಯನಗರದ ಅರಸರು ತುಂಗಭದ್ರೆಗೆ ಅಲ್ಲಲ್ಲಿ ಅಡ್ಡಗಟ್ಟೆ ಹಾಕಿ ಕಾಲುವೆಗಳನ್ನು ತೆಗೆಸಿದರು. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ, ಬೆಳಗೋಡುಹಾಳು ಕಾಲುವೆ. ಈ ಹೆಸರುಗಳು ಇಲ್ಲಿನ ರೈತರಿಗೆ ಇತಿಹಾಸದ ಪಾಠವಲ್ಲ. ಅವರ ಬಾಳೆ, ಕಬ್ಬು, ಭತ್ತ ಇಂದಿಗೂ ಬೆಳೆಯುವುದು ಇವುಗಳ ನೀರಿನಲ್ಲೇ. 1565ರ ಯುದ್ಧದ ಬಳಿಕ ರಾಜಧಾನಿ ಹಾಳಾಯಿತು. ಅರಮನೆಯ ಅಡಿಪಾಯ ಮಾತ್ರ ಉಳಿಯಿತು. ಅನಂತರ ಬಿಜಾಪುರದ ಸುಲ್ತಾನರು, ಪಾಳೆಯಗಾರರು, ಹೈದರ್ ಮತ್ತು ಟಿಪ್ಪು, ಬ್ರಿಟಿಷರು ಹೀಗೆ ಆಳುವವರು ಬದಲಾಗುತ್ತಲೇ ಹೋದರು. ಕಾಲುವೆಗಳು ಹರಿಯುತ್ತಲೇ ಇದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿದಾಗ ಅದರ ಯೋಜನೆಯೊಳಗೂ ಈ ಹಳೆಯ ಕಾಲುವೆಗಳಿಗೆ ಜಾಗ ಸಿಕ್ಕಿತು.

ಇದು ಹೇಗೆ ಸಾಧ್ಯವಾಯಿತು? ಕಾಲುವೆಯನ್ನು ತೆಗೆಸಿದವನು ರಾಜನೇ ಆದರೂ ಅದರಲ್ಲಿ ಪಾಲಿದ್ದುದು ಸಾವಿರಾರು ಜನರಿಗೆ. ಕೆರೆಕಾಲುವೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ದಶವಂದ, ಕಟ್ಟುಕೊಡಗೆ ಎಂಬ ಹೆಸರಿನಲ್ಲಿ ಭೂಮಿ ಬಿಟ್ಟ ಶಾಸನಗಳು ಈ ಪ್ರದೇಶದಲ್ಲೆಲ್ಲ ಸಿಗುತ್ತವೆ. ಅಂದರೆ ಕಟ್ಟುವುದಕ್ಕೆ ಮಾತ್ರವಲ್ಲ, ಹೂಳೆತ್ತುವುದಕ್ಕೂ ಶಾಶ್ವತವಾದ ಆದಾಯವನ್ನು ಗೊತ್ತುಮಾಡಿದ್ದರು. ಯಾರು ಗದ್ದುಗೆ ಏರಿದರೂ ಕಾಲುವೆಯನ್ನು ಮುಚ್ಚುವುದು ಲಾಭದ ಮಾತಾಗಿರಲಿಲ್ಲ.

ದುರಸ್ತಿಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಹೊಸಪೇಟೆಯವರಿಗೆ ಬೇರೆ ಪಾಠ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ, ತುಂಬಿದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಯಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಉಳಿದ ನೀರನ್ನು ಕಾಪಾಡಿದರು. ವಿಶ್ವವಿದ್ಯಾಲಯದ ಗೇಟು ಕಿತ್ತುಹೋದರೆ ಸದ್ದಾಗುವುದಿಲ್ಲ. ನಿವೃತ್ತರಾದ ಪ್ರಾಧ್ಯಾಪಕರ ಹುದ್ದೆ ಖಾಲಿ ಉಳಿಯುತ್ತದೆ, ಅಚ್ಚು ಮುಗಿದ ಪುಸ್ತಕ ಮರುಮುದ್ರಣವಾಗುವುದಿಲ್ಲ, ಕ್ಷೇತ್ರಕಾರ್ಯ ನಿಲ್ಲುತ್ತದೆ. ಹತ್ತು ವರ್ಷಗಳ ಬಳಿಕ ನೋಡಿದರೆ ಜಲಾಶಯ ಬರಿದಾಗಿರುತ್ತದೆ.

ಈ ಸಂಸ್ಥೆ ಏನು ಕೊಟ್ಟಿತು?

ಖರ್ಚಿನ ಮಾತಾಡುವ ಮೊದಲು ಬಂದ ಫಲವನ್ನೂ ಲೆಕ್ಕ ಹಾಕಬೇಕಲ್ಲವೇ? ವಿಶ್ವವಿದ್ಯಾಲಯದ ಪ್ರಸಾರಾಂಗ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಹೊರತಂದಿದೆ. ಜಿಲ್ಲಾವಾರು ಶಾಸನ ಸಂಪುಟಗಳು, ಜನಪದ ಮಹಾಕಾವ್ಯಗಳು, ಹಸ್ತಪ್ರತಿಗಳ ಸೂಚಿಗಳು, ಬುಡಕಟ್ಟುಗಳ ಅಧ್ಯಯನಗಳು ಇದರಲ್ಲಿ ಸೇರಿವೆ. ಲಾಭ ನೋಡುವ ಯಾವ ಪ್ರಕಾಶಕನೂ ಇವುಗಳಿಗೆ ಕೈಹಾಕಲಾರ. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಸಾವಿರಾರು ಪುಟಗಳಾಗುವಷ್ಟು ಕಾವ್ಯ ಅವರ ನಾಲಗೆಯ ಮೇಲಿತ್ತು. ಅಂಥವರನ್ನು ವೇದಿಕೆಗೆ ಕರೆದು 'ನಾಡೋಜ' ಎಂದು ಗೌರವಿಸಿದ್ದು ಇದೇ ವಿಶ್ವವಿದ್ಯಾಲಯ. 2014ರಲ್ಲಿ ಅವರು ತೀರಿಕೊಂಡರು. ಕಾಲ ಮೀರಿದ ಮೇಲೆ ಅನುದಾನ ಬಂದರೆ ಅಂಥ ಕಂಠಗಳನ್ನು ಮತ್ತೆ ದಾಖಲಿಸುವುದು ಸಾಧ್ಯವಿಲ್ಲ.

ಕರ್ನಾಟಕದ ಮುಸ್ಲಿಮರಾದ ನಮಗೆ ಇದರಲ್ಲಿ ಇನ್ನೊಂದು ಪಾಲೂ ಇದೆ. ಇಲ್ಲಿ ಅಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' (1998) ಬರುವವರೆಗೆ ನಮ್ಮ ಊರೂರಿನ ದರ್ಗಾಗಳ ಚರಿತ್ರೆ ಕನ್ನಡದಲ್ಲಿ ಇಷ್ಟು ವಿಸ್ತಾರವಾಗಿ ಒಂದೆಡೆ ಸಿಗುತ್ತಿರಲಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿ ಆಚರಿಸುವ ಮೊಹರಂ, ಅಲ್ಲಿ ಹಾಡುವ ರಿವಾಯತ್ ಪದಗಳು ವಿದ್ವತ್ತಿನ ವಿಷಯವಾದದ್ದೂ ಇಂಥ ಅಧ್ಯಯನಗಳಿಂದಲೇ.

ಹಂಪಿಯ ಚರಿತ್ರೆಯನ್ನೇ ತೆಗೆದುಕೊಳ್ಳಿ. ಪ್ರವಾಸಿಗರಿಗೆ ಹೇಳುವ ಕತೆ ಸಾಮಾನ್ಯವಾಗಿ ಒಂದೇ ವಾಕ್ಯದ್ದು. ಮುಸ್ಲಿಮರು ಬಂದರು, ಕೆಡವಿದರು. ದಾಖಲೆಗಳು ಹೇಳುವ ಕತೆ ಅಷ್ಟು ಸರಳವಾಗಿಲ್ಲ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾಉದ್ದೀನ್ ಗುರ್ಶಾಸ್ಪ್ ಸೋತು ಓಡಿ ಬಂದಾಗ ಅವನಿಗೆ ಆಶ್ರಯ ಕೊಟ್ಟದ್ದು ಕಂಪಿಲರಾಯ. ಕಂಪ್ಲಿಯ ಹೆಸರು ಇಂದಿಗೂ ಆ ರಾಜ್ಯವನ್ನು ನೆನಪಿಸುತ್ತದೆ. ಶರಣಾಗಿ ಬಂದವನನ್ನು ಒಪ್ಪಿಸುವ ಬದಲು ಕಂಪಿಲರಾಯ 1327ರ ಸುಮಾರಿಗೆ ಯುದ್ಧದಲ್ಲಿ ಪ್ರಾಣ ಕೊಟ್ಟ ಎಂಬುದನ್ನು ಇಬ್ನ್ ಬತೂತ ಎಂಬ ಮುಸ್ಲಿಮ್ ಪ್ರವಾಸಿಯೇ ಮೆಚ್ಚುಗೆಯಿಂದ ಬರೆದಿಟ್ಟಿದ್ದಾನೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ತನ್ನ ಅರಸನ ಪುಣ್ಯಕ್ಕಾಗಿ ಹಂಪಿಯಲ್ಲಿ ಧರ್ಮಸಾಲೆಯನ್ನೂ ಬಾವಿಯನ್ನೂ ಕಟ್ಟಿಸಿದ. ಆ ಶಾಸನ ಇರುವುದು ಕನ್ನಡದಲ್ಲಿ. ಇಂಥ ಸಂಗತಿಗಳು ತಾವಾಗಿ ಜನರ ಬಳಿಗೆ ಬರುವುದಿಲ್ಲ. ಶಾಸನ ಓದಬಲ್ಲವರು ಬೇಕು, ಅವರಿಗೆ ಸಂಬಳ ಬೇಕು, ಅವರು ಬರೆದದ್ದು ಅಗ್ಗದ ಬೆಲೆಗೆ ಸಿಗಬೇಕು. ವಿಶ್ವವಿದ್ಯಾಲಯ ಮೌನವಾದ ದಿನ ಚರಿತ್ರೆ ಬರೆಯುವ ಕೆಲಸವನ್ನು ಮೊಬೈಲಿನ ವದಂತಿಗಳು ವಹಿಸಿಕೊಳ್ಳುತ್ತವೆ. ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ನಮಗೆ ಚೆನ್ನಾಗಿ ಗೊತ್ತು.

ಬರಲಿರುವ ದಿನಗಳು

ಕನ್ನಡ ವಿಶ್ವವಿದ್ಯಾಲಯದ ಬಡತನಕ್ಕೆ ಒಂದು ವಿಶೇಷ ಕಾರಣವಿದೆ. ಇತರ ವಿಶ್ವವಿದ್ಯಾಲಯಗಳಿಗೆ ನೂರಾರು ಕಾಲೇಜುಗಳು ಸಂಯೋಜಿತವಾಗಿರುತ್ತವೆ. ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕಗಳಿಂದ ಅವುಗಳ ಬೊಕ್ಕಸ ಸ್ವಲ್ಪವಾದರೂ ತುಂಬುತ್ತದೆ. ಹಂಪಿಯದು ಸಂಶೋಧನೆಗಾಗಿಯೇ ಹುಟ್ಟಿದ ಸಂಸ್ಥೆ. ಅದಕ್ಕೆ ಅಂಥ ಕಾಲೇಜುಗಳ ಬಳಗ ಇಲ್ಲ. 'ನಿಮ್ಮ ಆದಾಯವನ್ನು ನೀವೇ ಹುಟ್ಟಿಸಿಕೊಳ್ಳಿ' ಎಂಬ ಮಾತನ್ನು ಎಲ್ಲರಿಗೂ ಒಂದೇ ಸಮನಾಗಿ ಹೇಳಿದರೆ ಅದು ನ್ಯಾಯವಾಗುವುದಿಲ್ಲ.

ಮುಂದಿನ ದಿನಗಳು ಇನ್ನೂ ಬಿಗಿಯಾಗಲಿವೆ. ಹಳೆಯ ವಿಶ್ವವಿದ್ಯಾಲಯಗಳ ಮೇಲೆ ಪಿಂಚಣಿಯ ಹೊರೆ ಬೆಳೆಯುತ್ತಿದೆ. ಹೊಸ ವಿಶ್ವವಿದ್ಯಾಲಯಗಳನ್ನು ಸಾಕಷ್ಟು ಹಣವಿಲ್ಲದೆ ಘೋಷಿಸಲಾಯಿತು. ಅಂಥ ಒಂಬತ್ತನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ವಿಚಾರವನ್ನು 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಮುಂದಿಟ್ಟಿತು. ಹೊಳೆಯಾಚೆಯ ಕೊಪ್ಪಳ ವಿಶ್ವವಿದ್ಯಾಲಯವೂ ಆ ಪಟ್ಟಿಯಲ್ಲಿತ್ತು. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ವೆಚ್ಚ ಮಾಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಮತ್ತೊಮ್ಮೆ ಬರೆಯಬೇಕಾಯಿತು ಎಂದರೆ ನಡುವಿನ ಐವತ್ತನಾಲ್ಕು ವರ್ಷಗಳಲ್ಲಿ ಏನಾಯಿತು ಎಂದು ಕೇಳಬೇಕಾಗಿಲ್ಲ. ಇನ್ನೊಂದೆಡೆ, ಭಾಷೆ ಮತ್ತು ಇತಿಹಾಸ ಓದಿದರೆ ಕೆಲಸ ಸಿಗದು ಎಂದು ವಿದ್ಯಾರ್ಥಿಗಳು ಬೇರೆ ದಾರಿ ಹಿಡಿಯುತ್ತಿದ್ದಾರೆ. ಯಂತ್ರಗಳು ಭಾಷೆಯನ್ನು ಕಲಿಯುತ್ತಿರುವ ಈ ಕಾಲದಲ್ಲಿ ಕನ್ನಡದ ಶುದ್ಧವಾದ ಪಠ್ಯಗಳೂ ಶಬ್ದಕೋಶಗಳೂ ಊರೂರಿನ ಮಾತಿನ ದಾಖಲೆಗಳೂ ದೊಡ್ಡ ಸಂಪತ್ತು. ಅದು ಯಾರ ಬಳಿ ಇದೆಯೋ ಅವರೇ ಬಡವರಾಗಿದ್ದಾರೆ ಎಂಬುದು ಈ ಕಾಲದ ವಿಪರ್ಯಾಸ.

ಏನು ಮಾಡಬಹುದು?

ಮೊದಲನೆಯದಾಗಿ, ಸಂಬಳ, ಪಿಂಚಣಿ ಮತ್ತು ಬಡ ವಿದ್ಯಾರ್ಥಿಗಳ ಫೆಲೋಶಿಪ್ ಎಂಬ ಮೂರು ಬಾಬ್ತುಗಳು ಮಂತ್ರಿಯ ಮರ್ಜಿಗೆ ಬಿಟ್ಟವಾಗಬಾರದು. ಇವು ಸರಕಾರದ ಕಾನೂನುಬದ್ಧ ಹೊಣೆಯಾಗಬೇಕು. ದಲಿತ, ಆದಿವಾಸಿ, ಹಿಂದುಳಿದ ಹಾಗೂ ಅಲ್ಪಸಂಖ್ಯಾತ ಮನೆಗಳಿಂದ ಮೊದಲ ಬಾರಿಗೆ ಪಿಎಚ್.ಡಿ. ತನಕ ಬಂದವರಿಗೆ ಫೆಲೋಶಿಪ್ ಎಂದರೆ ಕೈಖರ್ಚಲ್ಲ, ಅದೇ ಊಟ. ಅನುದಾನದ ಕೊರತೆಯನ್ನು ಶುಲ್ಕ ಏರಿಸಿ ತುಂಬಿಸಲು ಹೊರಟರೆ ಮೊದಲು ಹೊರಗೆ ಬೀಳುವವರು ಇವರೇ.

ಎರಡನೆಯದಾಗಿ, ವಕ್ಫ್ ಮತ್ತು ದತ್ತಿಗಳ ಹಳೆಯ ವಿವೇಕವನ್ನು ಹೊಸ ರೂಪದಲ್ಲಿ ತರಬೇಕು. ಮೂಲಧನವನ್ನು ಮುಟ್ಟದೆ ಬಡ್ಡಿಯ ಬದಲು ನ್ಯಾಯವಾದ ಹೂಡಿಕೆಯ ಫಲದಿಂದ ನಡೆಯುವ ಒಂದು ಶಾಶ್ವತ ನಿಧಿ ಬೇಕು. ಸರಕಾರ ಒಂದು ಪಾಲು ಹಾಕಲಿ, ಹೊರನಾಡಿನ ಮತ್ತು ಕೊಲ್ಲಿಯ ಕನ್ನಡಿಗರು ಒಂದು ಪಾಲು ಹಾಕಲಿ. ಆದರೆ ಆಸ್ತಿ ಇದ್ದರೆ ಸಾಲದು, ಕಾವಲೂ ಬೇಕು. ವಕ್ಫ್ ಜಮೀನುಗಳು ಹೇಗೆ ಕೈತಪ್ಪಿದವು ಎಂಬುದನ್ನು ಕಂಡ ನಮ್ಮ ಸಮುದಾಯಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಿಧಿಯ ಲೆಕ್ಕ ಪ್ರತಿವರ್ಷ ಜನರ ಮುಂದೆ ಬರಬೇಕು. ವಿದ್ಯಾರಣ್ಯದ ಜಮೀನನ್ನು ಮಾರಿ ಅಥವಾ ಗುತ್ತಿಗೆ ಕೊಟ್ಟು ಖರ್ಚು ತೂಗಿಸುವ ಆಲೋಚನೆ ಎಂದಿಗೂ ಬರಬಾರದು.

ಮೂರನೆಯದಾಗಿ, ಪಕ್ಕದಲ್ಲೇ ಇರುವ ಸಂಡೂರನ್ನು ನೋಡಿ. ಅಲ್ಲಿನ ಬೆಟ್ಟಗಳ ಕಬ್ಬಿಣದ ಅದಿರು ಚೀನಾದವರೆಗೆ ಹೋಯಿತು. ಅಕ್ರಮ ಗಣಿಗಾರಿಕೆಯ ಬಗ್ಗೆ 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. 2015ರ ಕಾನೂನಿನ ಪ್ರಕಾರ ಗಣಿ ಕಂಪೆನಿಗಳು ರಾಜಧನದ ಒಂದಂಶವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಹಳೆಯ ಗುತ್ತಿಗೆಗಳಿಗೆ ಅದು ರಾಜಧನದ ಶೇ. 30, ಹರಾಜಿನಲ್ಲಿ ಪಡೆದವುಗಳಿಗೆ ಶೇ. 10. ಆ ಹಣ ವೆಚ್ಚವಾಗಬೇಕಾದ ಆದ್ಯತೆಯ ಬಾಬ್ತುಗಳಲ್ಲಿ ಶಿಕ್ಷಣವೂ ಇದೆ. ಸಂಡೂರಿನ ನಂದಿಹಳ್ಳಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಅದಿರಿನ ವಿದ್ಯೆ ಅಲ್ಲಿದೆ, ಆ ಅದಿರಿನ ಮೇಲೆ ಬದುಕಿದ ಜನರ ವಿದ್ಯೆ ಹಂಪಿಯಲ್ಲಿದೆ. ಗಣಿಯ ಧೂಳಿನಲ್ಲಿ ಕಳೆದುಹೋಗುತ್ತಿರುವ ಹಳ್ಳಿಗಳ ಹಾಡು, ಲಂಬಾಣಿ ಕಸೂತಿ, ಕಾಡಿನ ಹೆಸರುಗಳು, ದುಡಿಯುವವರ ಆರೋಗ್ಯ ಇವುಗಳ ಅಧ್ಯಯನಕ್ಕೆ ಎರಡೂ ಸಂಸ್ಥೆಗಳು ಸೇರಿ ಯೋಜನೆ ಹಾಕಿದರೆ ಪ್ರತಿಷ್ಠಾನ ಬೇಡವೆನ್ನಲು ಕಾರಣವಿಲ್ಲ. 371(ಜೆ) ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕಕ್ಕೆ ಬರುವ ಮಂಡಳಿಯ ಹಣದಲ್ಲೂ ಪಾಲು ಕೇಳಬೇಕು. ರಸ್ತೆ, ಕಟ್ಟಡಗಳಷ್ಟೇ ಅಭಿವೃದ್ಧಿಯಲ್ಲ.

ನಾಲ್ಕನೆಯದು ವಿಶ್ವವಿದ್ಯಾಲಯದ ಕೈಯಲ್ಲೇ ಇರುವ ಕೆಲಸ. ಅಚ್ಚು ಮುಗಿದ ಪುಸ್ತಕಗಳೆಲ್ಲವೂ ಮೊಬೈಲಿನಲ್ಲಿ ಓದುವಂತೆ ಸಿಗಬೇಕು. ಕಂಪ್ಲಿಯ ಹೈಸ್ಕೂಲು ಮಾಸ್ತರರಿಗೆ ತಮ್ಮ ಊರಿನ ಶಾಸನ, ಹೊಸಪೇಟೆಯ ಗೈಡಿಗೆ ಹಂಪಿಯ ದಿಟವಾದ ಚರಿತ್ರೆ, ಮಸೀದಿಯ ಖತೀಬರಿಗೆ ಸ್ಥಳೀಯ ಸೂಫಿಗಳ ಬದುಕು ಸುಲಭವಾಗಿ ತಲುಪಬೇಕು. ಗೈಡುಗಳಿಗೂ ಶಿಕ್ಷಕರಿಗೂ ಅಲ್ಪಾವಧಿ ತರಬೇತಿ ಕೊಟ್ಟರೆ ಒಂದಿಷ್ಟು ಆದಾಯವೂ ಬಂದೀತು. ಅದಕ್ಕಿಂತ ಮುಖ್ಯವಾಗಿ, ಸುತ್ತಲಿನ ಜನರಿಗೆ ಇದು ನಮ್ಮದು ಎನಿಸೀತು. ಆವರಣದ ಗೋಡೆಯ ಪಕ್ಕದಲ್ಲೇ ಇರುವ ಕಮಲಾಪುರದ ಕೂಲಿಯವರಿಗೆ ಒಳಗೆ ಏನು ನಡೆಯುತ್ತದೆಂದು ತಿಳಿಯದಿದ್ದರೆ, ಅನುದಾನ ಕಡಿತವಾದ ದಿನ ಅವರು ಬೀದಿಗಿಳಿಯಲಿ ಎಂದು ಬಯಸುವುದು ತಪ್ಪಾದೀತು.

ಸರಕಾರದ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಕಾಲುವೆಗೆ ನೀರು ಬರಬೇಕಾದದ್ದು ಹೊಳೆಯಿಂದಲೇ. ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಸಾರ್ವಜನಿಕ ಹಣವೇ ಹೊಳೆ. ಹಂಪಿ ಉತ್ಸವಕ್ಕೆ ದೀಪಾಲಂಕಾರ ಮಾಡುವ ಸರಕಾರಕ್ಕೆ ಹಂಪಿಯ ಗ್ರಂಥಾಲಯದ ದೀಪ ಉರಿಸುವುದು ಅಸಾಧ್ಯವೇನಲ್ಲ. ಆದರೆ ಸರಕಾರ ಕೈಬಿಟ್ಟಾಗ ಕೇಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ನಮ್ಮಲ್ಲಿದೆ.

ಮನುಷ್ಯ ತೀರಿಹೋದ ಮೇಲೂ ಜನರಿಗೆ ಉಪಕಾರ ಮಾಡುತ್ತ ಉಳಿಯುವ ಜ್ಞಾನವನ್ನು ನಮ್ಮ ಸಂಪ್ರದಾಯ ಸದಕಾ ಜಾರಿಯಾ, ಹರಿಯುತ್ತಲೇ ಇರುವ ದಾನ, ಎನ್ನುತ್ತದೆ. ಬಾವಿ ತೋಡಿಸುವುದು, ಮರ ನೆಡುವುದು, ವಿದ್ಯೆ ಕಲಿಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ನಮ್ಮ ಊರಿನ ಜಮಾಅತ್‌ಗಳು ಮಸೀದಿಯ ಮಿನಾರಕ್ಕೆ ಕೊಡುವಷ್ಟೇ ಸಂತೋಷದಿಂದ ಒಬ್ಬ ಸಂಶೋಧನ ವಿದ್ಯಾರ್ಥಿನಿಯ ಒಂದು ವರ್ಷದ ಖರ್ಚನ್ನು, ಒಂದು ಪುಸ್ತಕದ ಮರುಮುದ್ರಣವನ್ನು ಹೊತ್ತುಕೊಳ್ಳಬಾರದೇಕೆ? ಅಹಮದ್ ಖಾನ್ ಬಾವಿ ತೋಡಿಸಿದಾಗ ನೀರು ಕುಡಿಯುವವನ ಜಾತಿ, ಮತ ಯಾವುದೆಂದು ಕೇಳಿರಲಾರ. ನಾವೂ ಕೇಳಬೇಕಾಗಿಲ್ಲ.